ಇಪ್ಪತ್ತೈದು ತೂತಿನ ಪೋರ್ಟು

ಮದರ್‌ಬೋರ್ಡು ಕೊಳ್ಳಲು ಬಂದವರೆಲ್ಲ ಡಬ್ಬಿಯ ಮೇಲೆ ಬರೆದಿರುವುದನ್ನು ಓದುತ್ತಾರೆ. ನಮ್ಮ ಚಿಕ್ಕಪ್ಪ ಡಬ್ಬಿ ಓದುತ್ತಿರಲಿಲ್ಲ. ಬೋರ್ಡನ್ನು ಹೊರಗೆ ತೆಗೆಸಿ, ತಿರುಗಿಸಿ, ಅದರ ಬೆನ್ನು ನೋಡುತ್ತಿದ್ದ. ಕೀಬೋರ್ಡಿಗೆ ನೇರಳೆ ಬಣ್ಣದ ತೂತು, ಮೌಸಿಗೆ ಹಸಿರು, ಅವುಗಳ ಪಕ್ಕದಲ್ಲಿ ಕಡುಗೆಂಪಿನ ಉದ್ದನೆಯ ಪ್ರಿಂಟರ್ ಪೋರ್ಟು: ಮೇಲಿನ ಸಾಲಿನಲ್ಲಿ ಹದಿಮೂರು, ಕೆಳಗೆ ಹನ್ನೆರಡು, ಒಟ್ಟು ಇಪ್ಪತ್ತೈದು ತೂತು. ಅದಿದ್ದರೆ ಮುಂದಿನ ಮಾತು. ಇಲ್ಲದಿದ್ದರೆ “ಒಳಗಿಡಪ್ಪ, ಇದಲ್ಲ” ಎಂದು ಮುಂದಿನ ಅಂಗಡಿಗೆ ಹೊರಟುಬಿಡುತ್ತಿದ್ದ.

ಇದು 2006ರ ಕೊನೆಯ ಮಾತು. ತಿಪಟೂರಿನಲ್ಲಿ ಚಿಕ್ಕಪ್ಪನದು ಒಂದು ಡಿಟಿಪಿ ಸೆಂಟರು, ಅದರ ಹಿಂದಿನ ಕೋಣೆಯಲ್ಲಿ ಒಂದು ಸಣ್ಣ ಆಫ್‌ಸೆಟ್ ಮಷೀನು. ಕೊಬ್ಬರಿ ಮಂಡಿಗಳ ಬಿಲ್ ಬುಕ್ಕು, ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ವೈಕುಂಠ ಸಮಾರಾಧನೆಯ ಕಾರ್ಡು, ಪಂಚಾಯ್ತಿ ಎಲೆಕ್ಷನ್ನಿನ ಹ್ಯಾಂಡ್‌ಬಿಲ್ಲು. ಕಾಲೇಜಿನ ರಜೆಯಲ್ಲಿ ನಾನು ಅಲ್ಲಿ ಕೂತು ಟೈಪು ಮಾಡುತ್ತಿದ್ದೆ. ಕಂಪ್ಯೂಟರು 800 ಮೆಗಾಹರ್ಟ್ಸಿನ ಪೆಂಟಿಯಂ 3, ಬೋರ್ಡಿನ ಚಿಪ್‌ಸೆಟ್ಟು ಇಂಟೆಲ್ 815. ಪೇಜ್‌ಮೇಕರಿನಲ್ಲಿ ಪುಟ ಕಟ್ಟಿ, ಲೇಸರ್ ಪ್ರಿಂಟರಿನಲ್ಲಿ ಟ್ರೇಸಿಂಗ್ ಪೇಪರಿನ ಮೇಲೆ ತೆಗೆದು, ಅದರಿಂದ ಪ್ಲೇಟು ಮಾಡುವವರೆಗೆ ಆ ಯಂತ್ರ ಯಾರ ಹಂಗೂ ಇಲ್ಲದೆ ದುಡಿಯಿತು.

ಅದನ್ನು ಕೆಡಿಸಿದ್ದು ಫ್ಲೆಕ್ಸು. ಆ ಎರಡು ಮೂರು ವರ್ಷಗಳಲ್ಲಿ ನಮ್ಮ ಕಡೆಯ ಯಾವ ಸರ್ಕಲ್ಲಿನಲ್ಲಿ ನೋಡಿದರೂ ಹುಟ್ಟುಹಬ್ಬದ ಶುಭಾಶಯ, ಅಯ್ಯಪ್ಪ ಪೂಜೆ, ಗಣಪತಿ ಪೆಂಡಾಲು, ಎಲ್ಲದಕ್ಕೂ ಫ್ಲೆಕ್ಸು. ಮುದ್ರಣ ತುಮಕೂರಿನಲ್ಲಾದರೂ ಡಿಸೈನು ಊರಲ್ಲೇ ಆಗಬೇಕು, ಯಾಕೆಂದರೆ ಫೋಟೋದಲ್ಲಿ ಯಾರು ದೊಡ್ಡ, ಯಾರು ಸಣ್ಣ ಎಂಬ ಜಗಳ ಊರಿನಲ್ಲೇ ಬಗೆಹರಿಯಬೇಕಲ್ಲ. ಹತ್ತು ಅಡಿ ಅಗಲ, ಎಂಟು ಅಡಿ ಎತ್ತರದ ಒಂದು ಫ್ಲೆಕ್ಸನ್ನು ಇಂಚಿಗೆ 72 ಚುಕ್ಕೆಯಂತೆ ಹಾಕಿದರೂ ಹತ್ತಿರ ಹತ್ತಿರ 6 ಕೋಟಿ ಚುಕ್ಕೆ. ಒಂದೊಂದು ಚುಕ್ಕೆಗೂ ನಾಲ್ಕು ಮುದ್ರಣ ಬಣ್ಣಗಳ ಲೆಕ್ಕದಲ್ಲಿ ನಾಲ್ಕು ಬೈಟು. ಅಂದರೆ ಖಾಲಿ ಹಿನ್ನೆಲೆಯೊಂದಕ್ಕೇ 240 ಎಂಬಿ ಹತ್ತಿರ. ಅದರ ಮೇಲೆ ಮುಖಂಡರ ಫೋಟೋ, ಕೆಳಗೆ ಅಭಿಮಾನಿಗಳ ಸಾಲು ಫೋಟೋ, ನಡುವೆ ದೇವರು. ಫೋಟೋಶಾಪಿನಲ್ಲಿ ಒಂದು ಪದರ ಸರಿಸಿ ಟೀ ಕುಡಿದು ಬಂದರೂ ಮರಳುಗಡಿಯಾರ ತಿರುಗುತ್ತಲೇ ಇರುತ್ತಿತ್ತು.

ಮೆಮೊರಿ ಹಾಕಿಸಿದರಾಯಿತು ಎಂದು ಯಾರಾದರೂ ಹೇಳುತ್ತಾರೆ, ಹೇಳಿದರು ಕೂಡ. ಆದರೆ 815 ಚಿಪ್‌ಸೆಟ್ಟಿಗೆ 512 ಎಂಬಿ ಮೀರಿದ ಮೆಮೊರಿ ಕಾಣಿಸುವುದೇ ಇಲ್ಲ. ನಮ್ಮಲ್ಲಿ 256ರ ಎರಡು ಕಡ್ಡಿ ಆಗಲೇ ಕೂತಿದ್ದವು. ಇನ್ನೊಂದನ್ನು ಕೊಂಡು ತಂದರೆ ಮೇಜಿನ ಮೇಲೆ ಇಟ್ಟುಕೊಳ್ಳಬಹುದಿತ್ತು, ಅಷ್ಟೆ. ಸಾಲದ್ದಕ್ಕೆ ನಾವು ಓಡಿಸುತ್ತಿದ್ದ ವಿಂಡೋಸ್ 98 ಕೂಡ 512ರ ಮೇಲೆ ಹೋದರೆ ತಡವರಿಸುವ ಜಾತಿಯದು. ಹೀಗಾಗಿ ಬೋರ್ಡನ್ನೇ ಬದಲಿಸದೆ ದಾರಿಯಿರಲಿಲ್ಲ. ಬೋರ್ಡು ಬದಲಾದರೆ ಪ್ರೊಸೆಸರು, ಮೆಮೊರಿ, ಎಸ್‌ಎಂಪಿಎಸ್ಸು, ವಿಂಡೋಸು ಎಲ್ಲವೂ ಅದರ ಹಿಂದೆ ಹೋಗುತ್ತವೆ.

ಅದಕ್ಕೂ ಮೊದಲು ಆ ಹಳೇ ಬೋರ್ಡು ಒಮ್ಮೆ ಸತ್ತು ಬದುಕಿತ್ತು. ಬೆಳಿಗ್ಗೆ ಸ್ವಿಚ್ಚು ಹಾಕಿದರೆ ಫ್ಯಾನು ತಿರುಗುತ್ತಿತ್ತು, ಪರದೆ ಕಪ್ಪಗೇ ಇರುತ್ತಿತ್ತು. ಕ್ಯಾಬಿನೆಟ್ಟು ಬಿಚ್ಚಿ ನೋಡಿದರೆ ಪ್ರೊಸೆಸರಿನ ಸುತ್ತ ನಿಂತ ಕೆಪಾಸಿಟರುಗಳ ತಲೆ ಹೊಸದಾಗಿ ಉಬ್ಬಿದ ಪೂರಿಯ ಹಾಗೆ ದುಂಡಗಾಗಿತ್ತು. ಒಂದೆರಡರ ನೆತ್ತಿಯ ಗೀಟು ಬಿರಿದು ಕಂದು ಅಂಟು ಹೊರಬಂದಿತ್ತು. ಆ ಕಾಲದಲ್ಲಿ ಇದು ಲೋಕಕ್ಕೆಲ್ಲ ಹಬ್ಬಿದ ರೋಗ. 1999ರ ಆಸುಪಾಸಿನಿಂದ ಏಳೆಂಟು ವರ್ಷ ತಯಾರಾದ ಎಷ್ಟೋ ಕಂಪನಿಗಳ ಬೋರ್ಡುಗಳಲ್ಲಿ ಕೆಪಾಸಿಟರಿನೊಳಗಿನ ದ್ರಾವಣ ಸರಿಯಿಲ್ಲದೆ, ಒಳಗೆ ಅನಿಲ ತುಂಬಿ, ಅವು ಆಯಸ್ಸಿಗೆ ಮೊದಲೇ ಬಿರಿಯುತ್ತಿದ್ದವು. ಬೆಂಗಳೂರಿಗೆ ಒಯ್ದಿದ್ದರೆ ಎಸೆಯಿರಿ ಎನ್ನುತ್ತಿದ್ದರೇನೋ. ನಮ್ಮ ಬೀದಿಯ ಟಿವಿ ರಿಪೇರಿಯವರು ಕನ್ನಡಕ ಹಣೆಗೇರಿಸಿ ನೋಡಿ, “ಆರೂವರೆ ಓಲ್ಟಿಂದು, ಸಾವಿರದೈನೂರು ಮೈಕ್ರೋ. ನೂರೈದು ಡಿಗ್ರಿ ತಡ್ಕಳದೇ ಹಾಕ್ಬೇಕು, ಟಿವೀದು ಹಾಕಿದ್ರೆ ಹತ್ತು ದಿನ” ಎಂದು ತಮಗೆ ತಾವೇ ಹೇಳಿಕೊಂಡು, ಎಲ್ಲಿಂದಲೋ ಹುಡುಕಿ ತರಿಸಿ ಬೆಸುಗೆ ಹಾಕಿಕೊಟ್ಟರು. ಬರೆದಿರುವುದು 6.3 ವೋಲ್ಟು, ಅವರ ಬಾಯಲ್ಲಿ ಆರೂವರೆ. ಬೋರ್ಡು ಮತ್ತೆ ಎದ್ದು ಕೂತಿತು. ಎರಡು ಪದರಕ್ಕಿಂತ ಹೆಚ್ಚು ತಾಮ್ರ ಮಡಚಿಟ್ಟ ಆ ಹಲಗೆಯ ಮೇಲೆ ಟಿವಿಯ ಸೋಲ್ಡರಿಂಗ್ ಐರನ್ನು ಹಿಡಿದು ಕೆಲಸ ಮಾಡಿದ ಅವರ ಕೈಯನ್ನು ಈಗಲೂ ನಾನು ಯಾವ ಸರ್ವಿಸ್ ಸೆಂಟರಿಗಿಂತ ಮೇಲೆ ಇಡುತ್ತೇನೆ.

ಇನ್ನು ಆ ಇಪ್ಪತ್ತೈದು ತೂತಿನ ವಿಷಯ. ನಮ್ಮ ಕನ್ನಡದ ತಂತ್ರಾಂಶಕ್ಕೆ ಒಂದು ಬೀಗವಿತ್ತು. ಡಾಂಗಲ್ ಎನ್ನುತ್ತಿದ್ದರು, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಪ್ರಿಂಟರ್ ಪೋರ್ಟಿಗೆ ಅದನ್ನು ಚುಚ್ಚಿ, ಅದರ ಹಿಂದಕ್ಕೆ ಪ್ರಿಂಟರಿನ ಕೇಬಲ್ಲು ಚುಚ್ಚಬೇಕು. ತಂತ್ರಾಂಶ ತೆರೆದಾಗ ಮೊದಲು ಪೋರ್ಟಿನ ಕಡೆ ತಿರುಗಿ ಬೀಗ ಇದೆಯೇ ಎಂದು ಕೇಳುತ್ತದೆ. ಉತ್ತರ ಬರದಿದ್ದರೆ ಒಂದಕ್ಷರವೂ ಮೂಡುವುದಿಲ್ಲ. ಒಂದು ಪ್ರತಿ ಕೊಂಡು ಹತ್ತು ಕಡೆ ಹಾಕಿಕೊಳ್ಳಬಾರದೆಂದು ಮಾಡಿದ ಏರ್ಪಾಟು. ಹತ್ತು ಕಡೆ ಹಾಕಿಕೊಳ್ಳುವವರು ಹೇಗೋ ಹಾಕಿಕೊಳ್ಳುತ್ತಲೇ ಇದ್ದರು. ದುಡ್ಡು ಕೊಟ್ಟು ಕೊಂಡ ಚಿಕ್ಕಪ್ಪನಂಥವರು ಮಾತ್ರ ಬೀಗ ಕಾಯುತ್ತಾ ಕೂತರು. ರಾತ್ರಿ ಅಂಗಡಿ ಮುಚ್ಚುವಾಗ ಅದನ್ನು ಬಿಚ್ಚಿ, ಜೇಬಿಗೆ ಹಾಕಿಕೊಂಡು ಮನೆಗೆ ಹೋಗುತ್ತಿದ್ದ.

ನುಡಿ, ಬರಹ ಆಗಲೇ ಬಂದಿದ್ದವು, ಬೀಗದ ಕಾಟವೂ ಅವುಗಳಿಗೆ ಇರಲಿಲ್ಲ. ಆದರೆ ಆಗಿನ ಕನ್ನಡ ಫಾಂಟುಗಳ ಕಥೆ ಗೊತ್ತಿರುವವರಿಗೆ ತೊಡಕು ಎಲ್ಲಿ ಎಂದು ಹೇಳಬೇಕಾಗಿಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗವಿದ್ದರೂ ಪೇಜ್‌ಮೇಕರಿಗೆ ಅದು ತಿಳಿಯದು. ಒಂದೊಂದು ತಂತ್ರಾಂಶವೂ ಒತ್ತು, ಕೊಂಬು, ದೀರ್ಘಗಳನ್ನು ತನಗೆ ಬೇಕಾದ ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕೂರಿಸಿತ್ತು. ಒಂದರಲ್ಲಿ ಮಾಡಿದ ಫೈಲನ್ನು ಇನ್ನೊಂದರಲ್ಲಿ ತೆರೆದರೆ ಲಗ್ನಪತ್ರಿಕೆ ಮಂತ್ರವಾದಿಯ ಯಂತ್ರವಾಗುತ್ತಿತ್ತು. ಚಿಕ್ಕಪ್ಪನ ಹಾರ್ಡ್‌ಡಿಸ್ಕಿನಲ್ಲಿ ಊರಿನ ಅರ್ಧ ಮಂಡಿಗಳ ಬಿಲ್ ಬುಕ್ಕು, ಎಷ್ಟೋ ಮನೆಗಳ ಮೂರು ಶುಭಕಾರ್ಯಗಳ ಕಾರ್ಡು ಇದ್ದವು. “ಹೋದ್ಸಲ ಮಾಡಿದ್ದೇ ಹಾಕಿ, ಹೆಸರು ಬದಲಾಯ್ಸಿ” ಎಂದು ಬರುವ ಗಿರಾಕಿಯೇ ಅವನ ಜೀವನ. ಹೊಸ ಆವೃತ್ತಿ ಕೊಂಡರೆ ಯುಎಸ್‌ಬಿ ಬೀಗ ಕೊಡುತ್ತಿದ್ದರು, ನಿಜ. ಅದರ ಬೆಲೆ ಕೇಳಿ ಚಿಕ್ಕಪ್ಪ ಫೋನನ್ನು ಮೆಲ್ಲಗೆ ಕೆಳಗಿಟ್ಟಿದ್ದ.

ಬೆಳಗಿನ ರೈಲಿಗೆ ಹೊರಟು ಬೆಂಗಳೂರಿನಲ್ಲಿ ಇಳಿದು, ಬಸ್ಸು ಹಿಡಿದು ಟೌನ್‌ಹಾಲಿನ ಹತ್ತಿರ ಇಳಿದರೆ ಸಾದರ ಪತ್ರಪ್ಪ ರಸ್ತೆ, ಅಂದರೆ ಎಸ್.ಪಿ. ರೋಡು, ನಡೆದು ಹೋಗುವಷ್ಟೇ ದೂರ. ಬೋಲ್ಟು, ಬೇರಿಂಗು, ನೀರಿನ ಪಂಪು, ವೈರಿನ ಸುರುಳಿಗಳ ಅಂಗಡಿಗಳ ನಡುವೆ ನುಗ್ಗಿ ಬೆಳೆದ ಕಂಪ್ಯೂಟರ್ ಬಜಾರು ಅದು. ಕಿರಿದಾದ ಮೆಟ್ಟಿಲು ಹತ್ತಿ ಹೋದರೆ ಒಂದೊಂದು ಮಹಡಿಯಲ್ಲೂ ಗೂಡಿನಷ್ಟು ಅಗಲದ ಅಂಗಡಿಗಳು, ನೆತ್ತಿಯವರೆಗೆ ಪೇರಿಸಿದ ಡಬ್ಬಿಗಳು. ಒಂದು ಅಂಗಡಿಯಲ್ಲಿ ಕೇಳಿದ ಬೆಲೆ ಪಕ್ಕದಲ್ಲಿ ನೂರು ಕಡಿಮೆ, ಅದರಾಚೆ ಐವತ್ತು ಹೆಚ್ಚು.

ನಾಲ್ಕೈದು ಕಡೆ ಬೋರ್ಡಿನ ಬೆನ್ನು ನೋಡಿ ಮುಂದೆ ಹೋದಮೇಲೆ ಒಂದು ಅಂಗಡಿಯ ಕೆಲಸದ ಹುಡುಗ, ನನಗಿಂತ ಎರಡು ಮೂರು ವರ್ಷ ದೊಡ್ಡವನಿರಬೇಕು, ಚಿಕ್ಕಪ್ಪನನ್ನು ತಡೆದು ಕೂರಿಸಿದ.

“ಅಣ್ಣ, ಹೊಸಾದು ಆಮೇಲೆ ನೋಡಣ. ಹಳೇದ್ರಲ್ಲಿ ಏನೇನ್ ಉಳಿಸ್ಕಂತೀರ, ಅದನ್ನ ಹೇಳಿ ಮೊದ್ಲು.”

ಅವತ್ತಿನವರೆಗೆ ಯಾರೂ ಹೀಗೆ ಕೇಳಿರಲಿಲ್ಲ. ಬಜೆಟ್ಟು ಎಷ್ಟು, ಗೇಮು ಆಡ್ತೀರಾ, ಇಂಟೆಲ್ಲೋ ಎಎಂಡಿಯೋ ಎಂದೇ ಎಲ್ಲರೂ ಶುರುಮಾಡುತ್ತಿದ್ದದ್ದು. ಚಿಕ್ಕಪ್ಪ ಜೇಬಿನಿಂದ ಬೀಗ ತೆಗೆದು ಗಾಜಿನ ಮೇಲಿಟ್ಟ. ಹುಡುಗ ಅದನ್ನು ಒಮ್ಮೆ ನೋಡಿದ್ದೇ, “ಹಂಗಾದ್ರೆ ಕನ್ವರ್ಟರ್ ಕೇಬಲ್ ನಂಬ್ಕಬೇಡಿ” ಎಂದ. ಯುಎಸ್‌ಬಿಯಿಂದ ಪ್ರಿಂಟರ್ ಪೋರ್ಟಿಗೆ ತಿರುಗಿಸುವ ಕೇಬಲ್ಲುಗಳು ಪ್ರಿಂಟರಿಗಷ್ಟೇ ಕೆಲಸ ಮಾಡುತ್ತವೆ, ಬೀಗಕ್ಕಲ್ಲ. ಪಿಸಿಐ ಸ್ಲಾಟಿಗೆ ಹಾಕುವ ಪೋರ್ಟಿನ ಕಾರ್ಡು ಬರುತ್ತದೆ, ಆದರೆ ಹಳೇ ಬೀಗಗಳು ಹೆಚ್ಚಾಗಿ 378 ಎಂಬ ವಿಳಾಸದಲ್ಲೇ ಪೋರ್ಟನ್ನು ಹುಡುಕುತ್ತವೆ. ಕಾರ್ಡು ಬೇರೆ ವಿಳಾಸದಲ್ಲಿ ಕೂರುತ್ತದೆ. ಆದ್ದರಿಂದ ಪೋರ್ಟು ಬೋರ್ಡಿನ ಮೈಯಲ್ಲೇ ಇರಬೇಕು. ಇಷ್ಟನ್ನು ಅವನು ಮೂರು ವಾಕ್ಯದಲ್ಲಿ ಹೇಳಿದ. ಆ ಮೂರು ವಾಕ್ಯ ನಮಗೆ ಕಡಿಮೆಯೆಂದರೂ ಎರಡು ಸಾವಿರ ರೂಪಾಯಿ ಉಳಿಸಿರಬೇಕು.

ಉಳಿದದ್ದರ ತಪಾಸಣೆ ಬೇಗ ಮುಗಿಯಿತು. ಹಳೇ ಎಸ್‌ಡಿ ರ್‍ಯಾಮು 168 ಪಿನ್ನಿನದು, ಆಗ ಬರುತ್ತಿದ್ದ ಡಿಡಿಆರ್ 2 ಕಡ್ಡಿ 240 ಪಿನ್ನಿನದು, ನಂಟೇ ಇಲ್ಲ. ಎಸ್‌ಎಂಪಿಎಸ್ಸಿನ 20 ಪಿನ್ನಿನ ಪ್ಲಗ್ಗು 24ರ ಜಾಗದಲ್ಲಿ ಹೇಗೋ ಕೂತೀತು, ಆದರೆ ಪೆಂಟಿಯಂ 4ರ ಕಾಲದಿಂದ ಪ್ರೊಸೆಸರಿಗೆಂದೇ ಬಂದ ನಾಲ್ಕು ಪಿನ್ನಿನ 12 ವೋಲ್ಟಿನ ವೈರು ಅದರಲ್ಲಿ ಇರಲಿಲ್ಲ. ಹೋಯಿತು. ತೊಡಕಾದದ್ದು ಐಡಿಇ ಕೇಬಲ್ಲಿನ ವಿಷಯ. ನಮ್ಮಲ್ಲಿ ಎರಡು ಐಡಿಇ ಹಾರ್ಡ್‌ಡಿಸ್ಕು, ಒಂದು ಸಿಡಿ ರೈಟರು, ಒಟ್ಟು ಮೂರು. ಹಳೆಯ 865 ಚಿಪ್‌ಸೆಟ್ಟಿನ ಬೋರ್ಡುಗಳಲ್ಲಿ ಎರಡು ಐಡಿಇ ಸಾಲು, ನಾಲ್ಕು ಸಾಧನಕ್ಕೆ ಜಾಗ. 945ರಲ್ಲಿ ಒಂದೇ ಸಾಲು, ಎರಡಕ್ಕೆ ಮಾತ್ರ. ಆ ವರ್ಷವಷ್ಟೇ ಬಂದ 965ರಲ್ಲಿ ಇಂಟೆಲ್ಲು ಐಡಿಇಯನ್ನು ಚಿಪ್ಪಿನಿಂದಲೇ ಕಿತ್ತುಹಾಕಿತ್ತು. ಬೇಕಾದ ಕಂಪನಿಯವರು ಬೇರೆ ಚಿಪ್ಪು ಅಂಟಿಸಿ ಕೊಡುತ್ತಿದ್ದರು. ಮೂರು ವರ್ಷದಲ್ಲಿ ನಾಲ್ಕು, ಎರಡು, ಸೊನ್ನೆ. ಹಳೆಯದನ್ನು ಇಂಟೆಲ್ಲು ಹೀಗೆ ಸಭ್ಯವಾಗಿ ಹೊರಗೆ ಹಾಕುತ್ತಿತ್ತು.

ನನ್ನ ಕಣ್ಣು ಬೇರೊಂದು ಬೋರ್ಡಿನ ಮೇಲಿತ್ತು. ಆಸ್‌ರಾಕ್‌ನ 775ಡ್ಯುಯಲ್-ವಿಎಸ್‌ಟಿಎ. ಅದರಲ್ಲಿ ಡಿಡಿಆರ್‌ಗೂ ಸ್ಲಾಟು, ಡಿಡಿಆರ್ 2ಕ್ಕೂ ಸ್ಲಾಟು. ಹಳೇ ಎಜಿಪಿ ಕಾರ್ಡೂ ಹಾಕಬಹುದು, ಹೊಸ ಪಿಸಿಐ ಎಕ್ಸ್‌ಪ್ರೆಸ್ಸೂ ಹಾಕಬಹುದು. ಜುಲೈಯಲ್ಲಷ್ಟೇ ಬಂದಿದ್ದ ಕೋರ್ 2 ಡ್ಯುಓ ಪ್ರೊಸೆಸರೂ ಕೂರುತ್ತದೆ. ಎರಡು ಕಾಲದ ನಡುವೆ ಸೇತುವೆ ಕಟ್ಟಿದ ಆ ಬೋರ್ಡಿನ ಬಗ್ಗೆ ಪತ್ರಿಕೆಯಲ್ಲಿ ಓದಿದ್ದೆ. ಅದೇ ಅಂಗಡಿಯಲ್ಲಿ ಒಂದು ಡಬ್ಬಿ ಇತ್ತು. ಚಿಕ್ಕಪ್ಪನಿಗೆ ಎಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡ.

“ನಮ್ಮತ್ರ ಡಿಡಿಆರ್ ಐತಾ?”

“ಇಲ್ಲ.”

“ಆ ಎಜಿಪಿ ಕಾರ್ಡು?”

“ಇಲ್ಲ.”

“ಮತ್ತೆ ಯಾರದ್ದೋ ಮನೇ ಹಳೇದಕ್ಕೆ ನಾವ್ಯಾಕ್ಲಾ ದುಡ್ಡು ಕೊಡಣ?”

ಈ ಮಾತನ್ನು ನಾನು ಆಮೇಲೆ ಎಷ್ಟೋ ಗೆಳೆಯರಿಗೆ ಬೋರ್ಡು ಆರಿಸಿಕೊಡುವಾಗ ಹೇಳಿದ್ದೇನೆ, ತುಸು ಮರ್ಯಾದೆ ಬೆರೆಸಿ. ಆರು ಸಾಟಾ, ಮೂರು ಎಂ.2, ವೈಫೈ, ಆರ್‌ಜಿಬಿ ಎಂದು ಪಟ್ಟಿ ಹಿಡಿದು ಬರುತ್ತಾರೆ. ಅದರಲ್ಲಿ ಅರ್ಧಕ್ಕರ್ಧ ಇನ್ನೊಬ್ಬರ ಅಗತ್ಯ.

ಕೊನೆಗೆ ಗಟ್ಟಿಯಾದದ್ದು 945 ಚಿಪ್‌ಸೆಟ್ಟಿನ ಬೋರ್ಡು. ಅಲ್ಲಿಯೂ ಹುಡುಗ ಒಂದು ಸೂಕ್ಷ್ಮ ತೋರಿಸಿದ. ಒಂದೇ ಮಾದರಿ, ಒಂದೇ ಹೆಸರು, ಸಾಕೆಟ್ಟೂ ಒಂದೇ 775. ಆದರೆ ಮೂಲೆಯಲ್ಲಿ ಸಣ್ಣದಾಗಿ ಅಚ್ಚಾದ ರಿವಿಷನ್ ಸಂಖ್ಯೆ ಬೇರೆ. ಮೊದಲ ರಿವಿಷನ್ನಿನದು ಕೋರ್ 2 ಡ್ಯುಓ ಕೂರಿಸಿಕೊಳ್ಳುತ್ತದೆ, ಏಳುವುದಿಲ್ಲ. ಆ ಪ್ರೊಸೆಸರು ಕೇಳುವ ವೋಲ್ಟೇಜನ್ನು ಕೊಡುವ ಸರ್ಕೀಟು ಅದರಲ್ಲಿಲ್ಲ. ಎರಡನೆಯ ರಿವಿಷನ್ನಿನಲ್ಲಿದೆ. “ಈಗ ಸೆಲೆರಾನ್ ಹಾಕ್ಕಂಡು ಹೋಗಿ. ವರ್ಷ ಬಿಟ್ಟು ಡ್ಯುಯಲ್ ಕೋರ್ ಅಗ್ಗ ಆಗ್ತದೆ, ಆಗ ಬನ್ನಿ” ಎಂದ. ಹೆಚ್ಚು ಬೆಲೆಯ ಪ್ರೊಸೆಸರನ್ನು ಅವತ್ತೇ ಮಾರಬಹುದಿತ್ತು ಅವನು. ಪಿನ್ನುಗಳು ಪ್ರೊಸೆಸರಿನಿಂದ ಇಳಿದು ಬೋರ್ಡಿನ ಸಾಕೆಟ್ಟಿಗೆ ಬಂದಿದ್ದ ಕಾಲ. ಕೂದಲೆಳೆಯ ಆ ಪಿನ್ನುಗಳಲ್ಲಿ ಒಂದು ಬಾಗಿದರೂ ವಾರಂಟಿ ಇಲ್ಲ ಎಂದು, ಭೂತಗಾಜಿನಲ್ಲಿ ನಮಗೇ ತೋರಿಸಿ, ಕಪ್ಪು ಮುಚ್ಚಳ ಮುಚ್ಚಿಕೊಟ್ಟ. ಒಂದು ಜಿಬಿ ಡಿಡಿಆರ್ 2, 80 ಜಿಬಿಯ ಸಾಟಾ ಡಿಸ್ಕು, ಹೊಸ ಎಸ್‌ಎಂಪಿಎಸ್ಸು. ಚಿಕ್ಕಪ್ಪ ಒಂದೊಂದಕ್ಕೂ ಚೌಕಾಸಿ ಮಾಡಿದ. ಕೊನೆಗೆ ಬಿಲ್ಲಿನ ಚಿಲ್ಲರೆ ಬಿಡಿಸಿ, ಮೇಲೆ ಒಂದು ಮೌಸ್ ಪ್ಯಾಡು ತೆಗೆದುಕೊಂಡ.

ಊರಿಗೆ ಬಂದು ಜೋಡಿಸಿ, ಎಕ್ಸ್‌ಪಿ ಹಾಕಿದ ರಾತ್ರಿ ಬೀಗ ಮಾತಾಡಲಿಲ್ಲ. ಎಕ್ಸ್‌ಪಿ ಯಾವ ತಂತ್ರಾಂಶವನ್ನೂ ನೇರವಾಗಿ ಪೋರ್ಟು ಮುಟ್ಟಲು ಬಿಡುವುದಿಲ್ಲ, ಅದಕ್ಕೊಂದು ಡ್ರೈವರು ಬೇಕು; ಸಿಡಿಯಲ್ಲಿ ಅದು ಇತ್ತು, ಹಾಕಿದ್ದೂ ಆಗಿತ್ತು. ಆದರೂ ‘ಬೀಗ ಸಿಗಲಿಲ್ಲ’ ಎಂಬ ಕಿಟಕಿಯೇ ಮತ್ತೆ ಮತ್ತೆ. ಬೆಳಿಗ್ಗೆ ಎರಡು ಮದುವೆ ಕಾರ್ಡಿನ ಪ್ರೂಫು ಕೊಡಬೇಕಿತ್ತು. ಚಿಕ್ಕಪ್ಪ ಏನೂ ಹೇಳದೆ ಬಾಗಿಲ ಬಳಿ ನಿಂತು ಎಲೆಅಡಿಕೆ ಹಾಕಿಕೊಂಡ. ಬಯಾಸಿನೊಳಗೆ ಹೋಗಿ ಪೋರ್ಟಿನ ಸಾಲು ಹುಡುಕಿದೆ: ಇಸಿಪಿ, ಇಪಿಪಿ, ನಾರ್ಮಲ್ ಎಂದು ಆಯ್ಕೆಗಳು. ಕಾರ್ಖಾನೆಯಿಂದ ಬಂದಾಗ ವೇಗದ ಇಸಿಪಿಯಲ್ಲಿತ್ತು. ನಾರ್ಮಲ್ಲಿಗೆ ತಂದು ಉಳಿಸಿ ಹೊರಬಂದೆ. ತಂತ್ರಾಂಶ ತೆರೆದುಕೊಂಡಿತು. ಹಳೆಯ ಮಂಡಿ ಬಿಲ್ಲೊಂದನ್ನು ತೆರೆದು ನೋಡಿದೆ, ಒತ್ತಕ್ಷರ ಸಮೇತ ಎಲ್ಲ ಸರಿಯಾಗಿತ್ತು. ಚಿಕ್ಕಪ್ಪ ಉಗಿದು ಬಂದು, “ಆಯ್ತಾ?” ಅಂದ.

ಹುಡುಗ ಹೇಳಿದಂತೆಯೇ 2008ರಲ್ಲಿ ಸೆಲೆರಾನ್ ಕಿತ್ತು ಪೆಂಟಿಯಂ ಡ್ಯುಯಲ್ ಕೋರ್ ಹಾಕಿದೆವು. ಬೋರ್ಡು ಅದೇ, ಬೀಗವೂ ಅದೇ. ಅಂಗಡಿಯ ಸೆಖೆ ಅರ್ಧ ಇಳಿಯಿತು. ಆ ಸೆಲೆರಾನ್ ಕೆಲಸಕ್ಕಿಂತ ಹೆಚ್ಚು ಬಿಸಿಗಾಳಿ ಕೊಡುತ್ತಿತ್ತು.

ನಾನು ಬೆಂಗಳೂರಿಗೆ ಬಂದು ನನ್ನದೇ ಯಂತ್ರ ಕಟ್ಟಿಕೊಳ್ಳುವ ಹೊತ್ತಿಗೆ ಹಳೆಯದರ ಭಾರ ಇರಲಿಲ್ಲ. ನನಗೆ ಬೇಕಿದ್ದದ್ದು ಮುಂದಿನ ದಾರಿ. 2019ರಲ್ಲಿ ಎಎಂಡಿಯ ಎಎಂ4 ಸಾಕೆಟ್ಟಿನ ಬಿ450 ಬೋರ್ಡು ಕೊಂಡೆ. ಇಂಟೆಲ್ಲಿನ ಮೇಲೆ ನನಗೆ ಮುನಿಸಿತ್ತು: 1151 ಪಿನ್ನಿನ ಸಾಕೆಟ್ಟನ್ನು ಹಾಗೇ ಇಟ್ಟು, 2017ರ ಎಂಟನೇ ಪೀಳಿಗೆಯ ಪ್ರೊಸೆಸರಿಗೆ ಹೊಸ 300 ಸರಣಿಯ ಬೋರ್ಡೇ ಬೇಕೆಂದು ಅದು ಹಟ ಹಿಡಿದಿತ್ತು. ಎಎಂಡಿಯೇನು ಸಾಧುವಲ್ಲ. 2020ರ ಮೇ ತಿಂಗಳಲ್ಲಿ, ಹಳೇ ಬೋರ್ಡುಗಳ 16 ಎಂಬಿಯ ಬಯಾಸ್ ಚಿಪ್ಪಿನಲ್ಲಿ ಇಷ್ಟೊಂದು ಪ್ರೊಸೆಸರುಗಳ ವಿವರ ಹಿಡಿಸುವುದಿಲ್ಲ, ಮುಂದಿನ ಪೀಳಿಗೆ ಬಿ450ಕ್ಕೆ ಇಲ್ಲ ಎಂದಿತು. ಕೊಂಡವರು ಗಲಾಟೆ ಎಬ್ಬಿಸಿದ ಮೇಲೆ ಅದೇ ತಿಂಗಳಲ್ಲಿ ಮಾತು ಹಿಂತೆಗೆದುಕೊಂಡಿತು. ಹಾಗಾಗಿ 2022ರಲ್ಲಿ ಅದೇ ಬೋರ್ಡಿಗೆ ರೈಜೆನ್ 5 5600 ಹಾಕಲು ನನಗೆ ಸಾಧ್ಯವಾಯಿತು. ತಾಂತ್ರಿಕ ಮಿತಿ ಎಂದು ಕಂಪನಿಗಳು ಹೇಳುವುದರಲ್ಲಿ ತಂತ್ರ ಎಷ್ಟು, ವ್ಯಾಪಾರ ಎಷ್ಟು ಎಂದು ಆಗಿನಿಂದ ನಾನು ಎರಡು ಸಲ ಕೇಳಿಕೊಳ್ಳುತ್ತೇನೆ. 815ರ 512 ಎಂಬಿ ಮಿತಿಯ ಮೇಲೂ ನನಗೆ ಅದೇ ಗುಮಾನಿ.

ಚಿಕ್ಕಪ್ಪನ ಕಡೆ ಇನ್ನೊಂದು ಕೆಲಸ ಬಾಕಿಯಿತ್ತು. 2013ರಲ್ಲಿ ಇಂಟೆಲ್ಲು ಡೆಸ್ಕ್‌ಟಾಪ್ ಬೋರ್ಡು ಮಾಡುವುದನ್ನೇ ನಿಲ್ಲಿಸುವುದಾಗಿ ಹೇಳಿತು. 2014ರ ಏಪ್ರಿಲಿನಲ್ಲಿ ಮೈಕ್ರೋಸಾಫ್ಟು ಎಕ್ಸ್‌ಪಿಯ ಕೈಬಿಟ್ಟಿತು. ಇಷ್ಟು ಹೊತ್ತಿಗೆ ಚಿಕ್ಕಪ್ಪನ ಅಂಗಡಿಯಲ್ಲಿ ಯೂನಿಕೋಡಿನ ಹೊಸ ಕಂಪ್ಯೂಟರು ಇತ್ತು, ಅದನ್ನು ನನ್ನ ತಂಗಿ ನೋಡಿಕೊಳ್ಳುತ್ತಿದ್ದಳು. ಹಳೇ ಫೈಲುಗಳನ್ನು ಒಂದೊಂದಾಗಿ ಪರಿವರ್ತಿಸುವ ಕೆಲಸವೂ ಶುರುವಾಗಿತ್ತು. ಆದರೂ 945ರ ಯಂತ್ರ ಮೂಲೆಯಲ್ಲಿ ಓಡುತ್ತಲೇ ಇತ್ತು, ಯಾಕೆಂದರೆ ಪರಿವರ್ತಕ ಅರ್ಕಾವೊತ್ತನ್ನು ಎಲ್ಲೆಲ್ಲೋ ಕೂರಿಸುತ್ತಿತ್ತು, ಪ್ರತಿ ಫೈಲನ್ನೂ ಮೂಲದ ಪಕ್ಕ ಇಟ್ಟು ತಿದ್ದಬೇಕಿತ್ತು. ಒಂದು ದಿನ ಚಿಕ್ಕಪ್ಪ ಫೋನು ಮಾಡಿ ಎಸ್.ಪಿ. ರೋಡಿಗೆ ಬರುತ್ತೇನೆ, ನೀನೂ ಬಾ ಎಂದ. ಹೊಸದಕ್ಕಲ್ಲ. ಅದೇ 945, ಅದೇ ರಿವಿಷನ್ನು, ಒಂದು ಹೆಚ್ಚುವರಿ ಇರಲಿ ಎಂದು.

ಕೆಲಸದ ಹುಡುಗ ಆಗ ತನ್ನದೇ ಅಂಗಡಿ ಇಟ್ಟಿದ್ದ, ಮೂರನೇ ಮಹಡಿಯಲ್ಲಿ, ಬರೀ ಸೆಕೆಂಡ್ ಹ್ಯಾಂಡ್ ಬೋರ್ಡು. ನಮ್ಮಂಥವರು ಬೇಕಾದಷ್ಟು ಜನ ಬರುತ್ತಾರಂತೆ: ಪೀಣ್ಯದ ವರ್ಕ್‌ಶಾಪುಗಳಲ್ಲಿ ಹಳೇ ಮಷೀನು ಓಡಿಸುವವರು, ತೂಕದ ಯಂತ್ರಕ್ಕೆ ಸೀರಿಯಲ್ ಪೋರ್ಟು ಬೇಕೆನ್ನುವವರು. ಒಂದು ಬೋರ್ಡು ತೆಗೆದು ಗಾಜಿನ ಮೇಲಿಟ್ಟ. ಚಿಕ್ಕಪ್ಪ ತಿರುಗಿಸಿ ಬೆನ್ನು ನೋಡಿದ, ಕೆಪಾಸಿಟರುಗಳ ತಲೆಯನ್ನು ಬೆರಳಲ್ಲಿ ಸವರಿ ನೋಡಿದ. ಬೆಲೆ ಕೇಳಿದರೆ ಹೊಸ ಬೋರ್ಡಿಗಿಂತ ಐನೂರು ಹೆಚ್ಚು.

“ಸಿಗಲ್ಲ ಅಣ್ಣ ಇದು, ಅದಕ್ಕೆ” ಎಂದ ಅವನು.

ಚಿಕ್ಕಪ್ಪ ಚೌಕಾಸಿ ಮಾಡದೆ ದುಡ್ಡು ಎಣಿಸಿಕೊಟ್ಟ. ಮೂರು ತಿಂಗಳ ವಾರಂಟಿಯನ್ನು ಮಾತ್ರ ಬಿಲ್ಲಿನ ಹಿಂದೆ ಬರೆಸಿ, ಸೀಲು ಹಾಕಿಸಿಕೊಂಡ.